ತಟ್ಟಿಯ ಹಿಂದಿನ ಬ್ರೇಕು

ಫೌಸ್ಟಿನ್ ಧಣಿ ಅಬ್ದುಲ್‌ಗೆ ಹೊಡೆದದ್ದು ಎಂಜಿನ್ನಿನ ಹಳೆಯ ಬೆಲ್ಟಿನಲ್ಲಿ. ಕೈಯಲ್ಲಿ ಹೊಡೆದರೆ ಅವರ ಕೈ ನೋಯುತ್ತದಂತೆ. ಎಂಥ ನಾಜೂಕು ಮನುಷ್ಯ ನೋಡಿ! ಮೊದಲ ಏಟು ಬೆನ್ನಿಗೆ ಬಿತ್ತು, ಇನ್ನೊಂದು ಕಿವಿಗೆ. ಮತ್ತೆ ಕೈ ಎತ್ತಿದಾಗ ಬೆಲ್ಟು ಬೀಸಲಿಕ್ಕೆ ಬರಲಿಲ್ಲ. ಅದರ ಬಾಲವನ್ನು ರುಕಿಯಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳು ಉಣ್ಣುತ್ತಿದ್ದ ಗಂಜಿಯ ಬಟ್ಟಲು ಮರಳಿನಲ್ಲಿ ಮಗುಚಿ ಬಿದ್ದಿತ್ತು.

"ಬಿಡು ರುಕಿಯಮ್ಮ."

"ಬಿಡುವುದಿಲ್ಲ ಧಣಿಗಳೇ. ನನ್ನ ಮಗ ಎಂತ ಮಾಡಿದ, ಅದನ್ನು ಮೊದಲು ಹೇಳಿ."

"ಎಂತ ಮಾಡಿದನಾ? ತಟ್ಟಿಗೆ ತೂತು ಮಾಡಿ ಮರ್ಯಾದಸ್ಥರ ಮನೆಯ ಹೆಂಗಸರನ್ನು ನೋಡಿದ. ಕಮಿಟಿಯವರು ಬಂದು ನನ್ನ ಮುಖಕ್ಕೆ ಉಗಿಯುವುದೊಂದು ಬಾಕಿ!"

ಅಬ್ದುಲ್ ಕಿವಿ ಹಿಡಿದುಕೊಂಡು ನಿಂತಿದ್ದ. ಬೆರಳುಗಳ ಸಂದಿನಿಂದ ರಕ್ತ ಇಳಿಯುತ್ತಿತ್ತು. ಇಪ್ಪತ್ತು ದಾಟಿದ ಗಟ್ಟಿ ಆಳು ಅವನು. ಮನಸ್ಸು ಮಾಡಿದ್ದರೆ ಫೌಸ್ಟಿನ್ ಧಣಿಯನ್ನು ಎತ್ತಿ ಸಮುದ್ರಕ್ಕೆ ಎಸೆಯಬಹುದಿತ್ತು. ಆದರೆ ಅನ್ನ ಕೊಡುವವನ ಮೇಲೆ ಕೈ ಎತ್ತಬಾರದು ಎಂದು ಅವನಿಗೆ ಕಲಿಸಿದವಳು ರುಕಿಯಮ್ಮನೇ. ಯಾಕಾದರೂ ಕಲಿಸಿದೆನೋ ಎಂದು ಆ ಹೊತ್ತಿನಲ್ಲಿ ಅವಳು ತನ್ನನ್ನೇ ಬೈದುಕೊಂಡಳು.

ಈ ತೂತಿನ ಕತೆಯನ್ನು ಸರಿಯಾಗಿ ಹೇಳಿಬಿಡುತ್ತೇನೆ, ಕೇಳಿ. ಎಮರ್ಜೆನ್ಸಿ ಮುಗಿದ ಮರುವರ್ಷದ ಬೇಸಿಗೆ ಅದು. ಕಾಪುವಿನಲ್ಲಿ ಹೈವೇಗೂ ಸಮುದ್ರಕ್ಕೂ ನಡುವಿನ ಬಯಲಿನಲ್ಲಿ ಊರ ಯುವಕ ಸಂಘದವರು ಎಕ್ಸಿಬಿಷನ್ ಹಾಕಿದ್ದರು. ಬಳೆ ಅಂಗಡಿ, ಬಜ್ಜಿ ಅಂಗಡಿ, ಬಲೂನಿಗೆ ಗುಂಡು ಹೊಡೆಯುವ ಆಟ, ಎಲ್ಲ ಇತ್ತು. ಎಲ್ಲಕ್ಕಿಂತ ದೊಡ್ಡದು ಕಾರ್ಕಳದ ಫೌಸ್ಟಿನ್ ಧಣಿಯ ತಿರುಗುವ ತೊಟ್ಟಿಲು. ಡೀಸೆಲ್ ಎಂಜಿನ್ನಿನಲ್ಲಿ ತಿರುಗುವುದು, ತೆಂಗಿನ ಮರಕ್ಕಿಂತ ಎತ್ತರ. ಎಂಜಿನ್ನು ನೋಡಿಕೊಳ್ಳುವವನು ಸುಂದರ. ಬ್ರೇಕು ಹಿಡಿಯುವವನು ಅಬ್ದುಲ್. ಬ್ರೇಕು ಎಂದರೆ ಕಾಲಲ್ಲಿ ಒತ್ತುವ ಬ್ರೇಕಲ್ಲ, ಆಳುದ್ದದ ಮರದ ಹಿಡಿ. ಮೈಭಾರ ಎಲ್ಲ ಹಾಕಿ ಹಿಂದಕ್ಕೆ ಎಳೆದರೆ ಚಕ್ರಕ್ಕೆ ಮರದ ದಿಮ್ಮಿ ಒತ್ತಿ ನಿಲ್ಲುವುದು. ಬೆಳಿಗ್ಗೆಯಿಂದ ರಾತ್ರಿವರೆಗೆ ಎಳೆದು ಎಳೆದು ಅವನ ಅಂಗೈಯ ಚರ್ಮ ಕಿತ್ತುಹೋಗಿತ್ತು. ತೆಂಗಿನೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮತ್ತೆ ಹಿಡಿಯುತ್ತಿದ್ದ. ಜ್ವರ ಬಂದ ದಿನವೂ ರಜೆ ಇಲ್ಲ. ತೊಟ್ಟಿಲಿಗೆ ಮಾತ್ರ ಪ್ರತಿ ವರ್ಷ ಹೊಸ ಪೈಂಟು!

ಹೆಂಗಸರು ಸೀರೆ ಉಟ್ಟು ತೊಟ್ಟಿಲಿನಲ್ಲಿ ಮೇಲೆ ಹೋದಾಗ ಕೆಳಗೆ ನಿಂತ ಪೋಲಿಗಳು ಕತ್ತೆತ್ತಿ ನೋಡುತ್ತಾರೆ, ಸೀಟಿ ಹೊಡೆಯುತ್ತಾರೆ ಎಂದು ಊರಲ್ಲಿ ಗುಲ್ಲಾಯಿತು. ಸಂಘದ ಕಾರ್ಯದರ್ಶಿ ಹೃಷೀಕೇಶ, ಬನ್ನಂಜೆ ಕಡೆಯ ಹುಡುಗ, ಕಾಪುವಿನಲ್ಲಿ ಜವಳಿ ಅಂಗಡಿ ಇಟ್ಟವನು. ಆಗಷ್ಟೇ ಮದುವೆಯಾಗಿತ್ತು, ಮರ್ಯಾದೆಯ ವಿಚಾರದಲ್ಲಿ ಭಾರೀ ಬಿಸಿ. ಬುಧವಾರ ಮತ್ತು ಶನಿವಾರ ಸಂಜೆ ಹೆಂಗಸರಿಗೆ ಮಾತ್ರ ಎಂದು ಅವನೇ ನಿಯಮ ಮಾಡಿದ. ಗಂಡಸರೆಲ್ಲ ಬೇಲಿಯ ಹೊರಗೆ. ಆದರೆ ಎಂಜಿನ್ನಿಗೆ, ಬ್ರೇಕಿಗೆ ಗಂಡಸರು ಬೇಕಲ್ಲ? ಅದಕ್ಕೂ ಉಪಾಯ ಹೊಳೆಯಿತು. ಅವರಿಬ್ಬರಿಗೂ ತೊಟ್ಟಿಲಿಗೂ ನಡುವೆ ತೆಂಗಿನ ಮಡಲಿನ ಎತ್ತರದ ತಟ್ಟಿ ಕಟ್ಟಿಸಿದರು. ದೇವಸ್ಥಾನಕ್ಕೆ ಹೋಗುವವರು, ಇಗರ್ಜಿಗೆ ಹೋಗುವವರು, ಮಸೀದಿಗೆ ಹೋಗುವವರು, ಎಲ್ಲರೂ ಒಂದೇ ಬಾಯಲ್ಲಿ ಭೇಷ್ ಎಂದರು. ಇಷ್ಟು ಒಗ್ಗಟ್ಟು ಆ ಊರಲ್ಲಿ ಬೇರೆ ಯಾವ ವಿಷಯಕ್ಕೂ ಕಂಡದ್ದಿಲ್ಲ. ಕಾಣದೆ ಬ್ರೇಕು ಹಿಡಿಯುವುದು ಹೇಗೆ ಮಾರಾಯ ಎಂದು ಬ್ರೇಕಿನವನನ್ನು ಕೇಳಿದವರು ಯಾರೂ ಇಲ್ಲ.

ಹೆಂಗಸರನ್ನು ಹತ್ತಿಸಿ ಇಳಿಸಲಿಕ್ಕೆ ಉಚ್ಚಿಲದಿಂದ ರುಕಿಯಮ್ಮನನ್ನು ಕರೆಸಿಕೊಂಡರು. ಅವಳ ಗಂಡ ಬೊಂಬಾಯಿಯ ಯಾವುದೋ ಹೋಟೆಲಿನಲ್ಲಿ ಇದ್ದ. ಇದ್ದಾನೆ ಎಂದರೆ ಇದ್ದಾನೆ, ಅಷ್ಟೇ. ಕೂರಿಸುವುದು, ಕಂಬಿ ಹಾಕುವುದು, ಕೂದಲು ಸೆರಗು ಒಳಗೆ ತುರುಕುವುದು, ಅಳುವ ಮಕ್ಕಳನ್ನು ರಮಿಸುವುದು, ಎಲ್ಲ ಅವಳೊಬ್ಬಳೇ. ಜೊತೆಗೆ ಗಂಟೆಯ ಹಗ್ಗವೂ ಅವಳ ಕೈಯಲ್ಲೇ. ಒಂದು ಸಲ ಎಳೆದರೆ ತಟ್ಟಿಯ ಆಚೆ ಒಂದು ಗಂಟೆ, ಹೊರಡಿಸು ಎಂದರ್ಥ. ಎರಡು ಗಂಟೆ ಎಂದರೆ ನಿಲ್ಲಿಸು.

"ಕಣ್ಣು ಕಟ್ಟಿಕೊಂಡು ಲಾರಿ ಓಡಿಸಿದ ಹಾಗೆ ಆಗುತ್ತದೆ ಉಮ್ಮ," ಎಂದಿದ್ದ ಅಬ್ದುಲ್. ಅದಕ್ಕೇ ಮಡಲಿನಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಮಾಡಿಕೊಂಡ. ಶನಿವಾರ ಆ ತೂತಿನಲ್ಲೇ ಕಂಡದ್ದು, ಒಬ್ಬಾಕೆಯ ಸೆರಗು ಜಾರಿ ಚಕ್ರದ ಕಡೆಗೆ ಹೋಗುತ್ತಿದ್ದುದು. ಗಂಟೆಗೆ ಕಾಯದೆ ಬ್ರೇಕು ಎಳೆದ. ಸೀರೆ ಹರಿಯಿತು, ಹೆಂಗಸು ಉಳಿದಳು. ಉಳಿದವಳು ಮನೆಗೆ ಹೋಗಿ ಹೇಳಿದಳು, ಮನೆಯವರು ಕಮಿಟಿಗೆ ಬಂದರು. ಉಪಕಾರ ಹೇಳಲಿಕ್ಕೆ ಅಂದುಕೊಂಡಿರಾ? "ಗಂಟೆ ಹೊಡೆಯುವ ಮೊದಲೇ ನಿಲ್ಲಿಸಿದ ಎಂದರೆ ನೋಡಿದ್ದಾನೆ! ನೋಡದೆ ಹೇಗೆ ನಿಲ್ಲಿಸಿದ?" ಎಂದು ಜಗಳಕ್ಕೆ ಬಂದರು.

ಅದರ ಬೆಲೆಯೇ ಬೆಲ್ಟಿನ ಏಟು.

"ಧಣಿಗಳೇ, ತಟ್ಟಿ ತೆಗೆಯಿರಿ. ಇಲ್ಲದಿದ್ದರೆ ಹಗ್ಗ ಹಿಡಿಯಲಿಕ್ಕೆ ಇನ್ನೊಂದು ಹೆಂಗಸನ್ನು ಕೊಡಿ," ಎಂದಳು ರುಕಿಯಮ್ಮ, ಬೆಲ್ಟು ಬಿಡದೆ. "ನನಗಿರುವುದು ಎರಡೇ ಕೈ."

"ನಿನಗೆ ಬಾಯಿ ಮಾತ್ರ ನಾಲ್ಕು ಉಂಟು," ಎಂದ ಫೌಸ್ಟಿನ್ ಧಣಿ. "ಇನ್ನು ಗಂಟೆ ಇಲ್ಲದೆ ಇವನು ಬ್ರೇಕು ಮುಟ್ಟಿದರೆ ಕೈ ಮುರಿದು ಹಾಕುತ್ತೇನೆ. ಕೇಳಿತಾ ಅಬ್ದುಲ್?"

ಆಮೇಲೆ ಸ್ವತಃ ಸುತ್ತಿಗೆ ಹಿಡಿದು ತಟ್ಟಿಯ ಮೇಲೆ ಎರಡು ಪದರ ಟಾರ್ಪಾಲು ಜಡಿದ. ಗಂಟೆಯ ಹಗ್ಗ ಟಾರ್ಪಾಲಿನ ಅಡಿಯಿಂದ ತೂರಿ ಹೋಗುವ ಹಾಗೆ ಬಿಟ್ಟು ಅದರ ಆಚೀಚೆಗೂ ಮೊಳೆ ಹೊಡೆದ.  ರುಕಿಯಮ್ಮನ ಹೆದರಿಕೆ ಒಂದೇ. ಹಿಂದಿನ ವರ್ಷ ಕಾರ್ಕಳದ ಆಚೆ ಎಲ್ಲೋ, ಬೇರೆ ಯಾರದೋ ತೊಟ್ಟಿಲಿನಿಂದ ಒಂದು ಮಗು ಬಿದ್ದಿತ್ತು. ಜನ ಯಜಮಾನನನ್ನು ಹುಡುಕಲಿಲ್ಲ. ಬ್ರೇಕಿನವನನ್ನು ಹಿಡಿದು ಡೇರೆಯ ಗೂಟದಲ್ಲಿ ಚಚ್ಚಿ ಕೊಂದರು. ಸುಂದರ ಅದನ್ನು ಕಣ್ಣಾರೆ ಕಂಡವನು.

ಆ ದಿನ ಅವಳು ಮಗನ ಕಿವಿಗೆ ಅರಸಿನ ಹಚ್ಚುತ್ತಾ, "ನಡಿ ಮಗ, ಉಚ್ಚಿಲಕ್ಕೆ ಹೋಗುವ. ಮೀನು ಹೊತ್ತಾದರೂ ಬದುಕಬಹುದು," ಎಂದಳು.

"ನಾನು ಬಿಟ್ಟರೆ ನಾಳೆ ಯಾವನನ್ನೋ ಹಿಡಿದು ಬ್ರೇಕಿಗೆ ನಿಲ್ಲಿಸುತ್ತಾರೆ ಉಮ್ಮ. ಮೇಲೆ ಕೂತವರ ಗತಿ ಎಂತ?"

"ಮೇಲೆ ಕೂತವರು ನಿನ್ನ ಗತಿ ಕೇಳಿದ್ದಾರಾ?"

 ಎಕ್ಸಿಬಿಷನ್ ಮುಗಿಯಲಿಕ್ಕೆ ಇನ್ನು ಸ್ವಲ್ಪವೇ ದಿನ ಇತ್ತು. ಅಷ್ಟರವರೆಗೆ ಹಲ್ಲು ಕಚ್ಚಿಕೊಂಡು ಇದ್ದುಬಿಡುವ ಎಂದು ಇಬ್ಬರೂ ಮನಸ್ಸು ಗಟ್ಟಿ ಮಾಡಿಕೊಂಡರು.

ಬುಧವಾರ ಸಂಜೆ ಬಂತು. ಅಬ್ಬಬ್ಬಾ, ಎಂಥ ಜನ! ಅಲೆವೂರಿನಿಂದ, ಪಡುಬಿದ್ರಿಯಿಂದ ಹೆಂಗಸರು ಬಸ್ಸು ಮಾಡಿಕೊಂಡು ಬಂದಿದ್ದರು. ಬೇಲಿಯ ಹೊರಗೆ ಅವರ ಗಂಡಂದಿರು ಬೀಡಿ ಸೇದುತ್ತಾ ನಿಂತಿದ್ದರು. ಲೌಡ್ ಸ್ಪೀಕರು ಕಿವಿ ಹರಿಯುವ ಹಾಗೆ ಕಿರುಚುತ್ತಿತ್ತು. ಫೌಸ್ಟಿನ್ ಧಣಿ ಟಿಕೇಟಿನ ಕಿಂಡಿಯಿಂದಲೇ "ಬೇಗ ಬೇಗ, ಹತ್ತಿಸು" ಎಂದು ಬೊಬ್ಬೆ ಹೊಡೆಯುತ್ತಿದ್ದ. ತಟ್ಟಿಯ ಈಚೆ ಬೊಂಡ ಮಾರುವ ಐರಿನ್ ಬಾಯಿ ಕೂತಿದ್ದಳು. ಕತ್ತಿ ಎತ್ತಿ ಒಂದೇ ಏಟಿಗೆ ಎಳನೀರು ಕೆತ್ತುವುದರಲ್ಲಿ ಗಂಡಸರೂ ಅವಳ ಸಮಕ್ಕೆ ಬರುತ್ತಿರಲಿಲ್ಲ.

ಹೃಷೀಕೇಶನ ತಂಗಿ ಒಂದು ತೊಟ್ಟಿಲಿನಲ್ಲಿ ಕೂತಳು. ಇನ್ನೊಂದಕ್ಕೆ ಅವನ ಹೆಂಡತಿ ಮೂಕಾಂಬಿಕಾ ಪಕ್ಕದ ಮನೆಯವಳೊಬ್ಬಳ ಜೊತೆಗೆ ಹತ್ತಿದಳು. ಮೊಣಕಾಲು ಮುಟ್ಟುವ ಜಡೆ, ಅದರ ತುಂಬಾ ಶಂಕರಪುರದ ಮಲ್ಲಿಗೆ. ರುಕಿಯಮ್ಮ ಜಡೆಯನ್ನು ಸುತ್ತಿ ಸೆರಗಿನೊಳಗೆ ತುರುಕಿದಳು.

"ಹೂವು ಬಾಡಿದರೆ ಬಾಡಲಿ ಮಗಳೇ. ಮಂಡೆ ಇದ್ದರೆ ನಾಳೆಯೂ ಮುಡಿಯಬಹುದು."

ಹುಡುಗಿ ಕಿಲಕಿಲ ನಕ್ಕಳು. ರುಕಿಯಮ್ಮ ಹಗ್ಗ ಎಳೆದಳು. ಆಚೆ ಗಂಟೆ ಢಣ್ ಎಂದಿತು. ತೊಟ್ಟಿಲು ಹೊರಟಿತು.

ಮೇಲೆ ಸಮುದ್ರದ ಗಾಳಿ ಜೋರಿತ್ತು. ಎರಡನೇ ಸುತ್ತಿನಲ್ಲಿ ಮೂಕಾಂಬಿಕಾ ಕೆಳಗೆ ಬಂದಾಗ ಅವಳ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಆಟಕ್ಕೆ ಬಗ್ಗಿದ್ದಾಳೆ ಎಂದುಕೊಂಡಳು ರುಕಿಯಮ್ಮ. ಮುಂದಿನ ಸುತ್ತಿಗೆ ಕಂಡಿತು. ಗಾಳಿಗೆ ಜಡೆ ಸೆರಗಿನಿಂದ ಹೊರಬಂದು ಹಿಂದಕ್ಕೆ ಹಾರಿ, ತೊಟ್ಟಿಲನ್ನು ನೇತುಹಾಕಿದ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡಿತ್ತು. ಚಕ್ರ ಒಂದೊಂದು ಸುತ್ತು ಹೊಡೆದ ಹಾಗೂ ಕೂದಲು ಸರಳಿಗೆ ಒಂದೊಂದು ಸುತ್ತು ಸುತ್ತಿಕೊಳ್ಳುತ್ತಿತ್ತು. ಹುಡುಗಿ ಎರಡು ಕೈಯಲ್ಲೂ ತಲೆ ಹಿಡಿದು ಬಾಯಿ ತೆರೆದಿದ್ದಳು. ಸ್ಪೀಕರಿನ ಅಬ್ಬರದಲ್ಲಿ ಅವಳ ಕೂಗು ಯಾರಿಗೂ ಕೇಳಲಿಲ್ಲ.

ರುಕಿಯಮ್ಮ ಹಗ್ಗ ಎಳೆದಳು. ಗಂಟೆ ಇಲ್ಲ. ಮತ್ತೆ ಎಳೆದಳು, ಜೋತುಬಿದ್ದಳು. ಹಗ್ಗ ಗೋಡೆಗೆ ಕಟ್ಟಿದ ಹಾಗೆ ಅಲ್ಲಾಡಲಿಲ್ಲ. ಟಾರ್ಪಾಲಿನ ಅಡಿಯಲ್ಲಿ ಅದು ಫೌಸ್ಟಿನ್ ಧಣಿಯ ಮೊಳೆಗೇ ಸಿಕ್ಕಿಕೊಂಡಿತ್ತು.

"ಅಬ್ದುಲ್! ನಿಲ್ಲಿಸೋ! ಅಬ್ದುಲ್!"

ಆಚೆ ಡೀಸೆಲ್ ಎಂಜಿನ್ನು ಧಡಧಡ ಎನ್ನುತ್ತಿತ್ತು. ಸುತ್ತು ಜಾಸ್ತಿ ಆಯಿತಲ್ಲ ಎಂದು ಅಬ್ದುಲ್‌ಗೂ ಅನಿಸಿತ್ತಂತೆ. ಹಿಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದನಂತೆ. ಆದರೆ ಗಂಟೆ ಇಲ್ಲದೆ ಮುಟ್ಟಿದರೆ ಕೈ ಮುರಿಯುವ ಮಾತು ಕಿವಿಯಲ್ಲಿತ್ತು, ಬೆಲ್ಟಿನ ಗಾಯವೂ ಅದೇ ಕಿವಿಯಲ್ಲಿತ್ತು.

ಮತ್ತೆ ಕೆಳಗೆ ಬಂದಾಗ ಮೂಕಾಂಬಿಕಾಳ ತಲೆ ಸರಳಿಗೆ ಅಂಟಿಹೋಗಿತ್ತು. ಹಣೆಯ ಮೇಲಿನ ಚರ್ಮ ಎದ್ದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಪಕ್ಕದ ಮನೆಯವಳು ಅವಳ ಸೊಂಟ ತಬ್ಬಿ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಇನ್ನೊಂದು ಸುತ್ತು ಹೋದರೆ ನೆತ್ತಿಯೇ ಕಿತ್ತುಬರುತ್ತದೆ.

ರುಕಿಯಮ್ಮ ಓಡಿ ಐರಿನ್ ಬಾಯಿಯ ಕೈಯಿಂದ ಕತ್ತಿ ಕಿತ್ತುಕೊಂಡಳು. ತಟ್ಟಿಗೆ ಬೀಸಿದಳು. ಟಾರ್ಪಾಲು ಸೀಳಿತು, ಮಡಲು ಸೀಳಿತು, ಬಿದಿರು ಸಿಗಿದು ಅವಳ ಮುಂಗೈಗೆ ಚುಚ್ಚಿತು. ಹಾಳಾಗಿ ಹೋಗಲಿ ನಿಮ್ಮ ಮರ್ಯಾದೆ ಎಂದು ಬಾಯಿಗೆ ಬಂದದ್ದೆಲ್ಲ ಬಯ್ಯುತ್ತಾ ಕಡಿದಳು. ನಾಲ್ಕು ಏಟಿಗೆ ಆಳು ತೂರುವಷ್ಟು ಜಾಗ ಆಯಿತು. ಆ ಕಂಡಿಯಲ್ಲಿ ಅಬ್ದುಲ್‌ನ ಮುಖ ಕಾಣಿಸಿತು.

ಅವನಿಗೆ ಏನೂ ಹೇಳಬೇಕಾಗಿ ಬರಲಿಲ್ಲ. ಒಮ್ಮೆ ಮೇಲೆ ನೋಡಿದ. ಬ್ರೇಕಿನ ಹಿಡಿಯನ್ನು ಎದೆಗೆ ಒತ್ತಿ ಮೆಲ್ಲಮೆಲ್ಲನೆ ಎಳೆದ, ಜಗ್ಗಿದರೆ ಹುಡುಗಿಯ ತಲೆ ಕಿತ್ತುಹೋಗುತ್ತದಲ್ಲ. ಸುಂದರ ಎಂಜಿನ್ನು ನಿಲ್ಲಿಸಿದ. ಮೂಕಾಂಬಿಕಾಳ ತೊಟ್ಟಿಲು ಅರ್ಧ ಎತ್ತರದಲ್ಲಿ ನಿಂತಿತು.

"ಸುಂದರಣ್ಣ, ನೀನು ಹಿಡಿದುಕೋ. ಬಿಡಬೇಡ," ಎಂದು ಅಬ್ದುಲ್ ತಾಯಿಯ ಕೈಯಿಂದ ಕತ್ತಿ ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡು ಚಕ್ರದ ಕಡ್ಡಿಗಳ ಮೇಲೆ ಹತ್ತಿದ. ಒಂದು ತೋಳಿನಲ್ಲಿ ಹುಡುಗಿಯನ್ನು ಎತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಸರಳಿನ ಬುಡಕ್ಕೇ ಕತ್ತಿ ಇಟ್ಟು ಜಡೆ ಕೊಯ್ದ. ಮಲ್ಲಿಗೆಯ ಸಮೇತ ಅದು ಕೆಳಗೆ ಬಿತ್ತು. ಸುಂದರ ಬ್ರೇಕು ಸ್ವಲ್ಪ ಸ್ವಲ್ಪ ಸಡಿಲ ಮಾಡಿದ, ತೊಟ್ಟಿಲು ಕೆಳಗಿಳಿಯಿತು. ಹುಡುಗಿ ಅಬ್ದುಲ್‌ನ ಹೆಗಲಿಗೆ ಮುಖ ಒತ್ತಿಕೊಂಡಿದ್ದಳು. ರುಕಿಯಮ್ಮ ಕೈಚಾಚಿ ಅವಳನ್ನು ಇಳಿಸಿಕೊಂಡಳು.

ಇಷ್ಟು ಹೊತ್ತಿಗೆ ಹೆಂಗಸರ ಕೂಗು ಹೊರಗೆ ಮುಟ್ಟಿತ್ತು. ಬೇಲಿ ಮುರಿದು ಗಂಡಸರು ಒಳಗೆ ನುಗ್ಗಿದರು. ಅವರಿಗೆ ಕಂಡದ್ದು ಎಂತ? ಕೊಯ್ದು ಬಿದ್ದ ಮುತ್ತೈದೆಯ ಜಡೆ. ರಕ್ತ ಮೆತ್ತಿದ ಹೆಂಗಸು. ಕತ್ತಿ ಹಿಡಿದ ಗಂಡಸು. ಕೇಳುವ ವ್ಯವಧಾನ ಯಾರಿಗೆ? ಅದರ ಮೇಲೆ ಫೌಸ್ಟಿನ್ ಧಣಿ ಟಿಕೇಟಿನ ಕಿಂಡಿಯಿಂದ ಹೊರಗೆ ಬಂದು ಬೆರಳು ತೋರಿಸಿ ಕಿರುಚಿದ:

"ಅವನೇ! ತಟ್ಟಿಗೆ ತೂತು ಮಾಡಿ ನೋಡಿದವನು ಅವನೇ! ಈಗ ತಟ್ಟಿಯನ್ನೇ ಕಡಿದು ಒಳಗೆ ಬಂದಿದ್ದಾನೆ!"

ಅಷ್ಟು ಹೇಳಿ, ಯಾರೂ ತನ್ನ ಕಡೆಗೆ ತಿರುಗುವ ಮೊದಲೇ ಜೀಪು ಹತ್ತಿ ಹೈವೇ ಸೇರಿದ. ಚಂಡಾಲ!

ಮೊದಲು ಬಂದವನು ಹೃಷೀಕೇಶ. ಅವನ ಕೈಯಲ್ಲಿ ಬೇಲಿಯ ಕಬ್ಬಿಣದ ಪೈಪಿತ್ತು. ಅಬ್ದುಲ್ ತಡೆಯಲಿಕ್ಕೆ ಬಲಗೈ ಎತ್ತಿದ. ಪೈಪು ಮುಂಗೈಗೆ ಬಿದ್ದ ಸದ್ದು ರುಕಿಯಮ್ಮನಿಗೆ ಕೇಳಿತು. ಕತ್ತಿ ನೆಲಕ್ಕೆ ಬಿತ್ತು. ಆಮೇಲೆ ಯಾರು ಹೊಡೆದರು, ಯಾರು ಒದ್ದರು, ಲೆಕ್ಕವೇ ಇಲ್ಲ. ಚಪ್ಪಲಿ ಕಾಲು, ಬೂಟ್ಸಿನ ಕಾಲು. ಒಬ್ಬ ಅವನ ಕೂದಲು ಹಿಡಿದು ಮುಖವನ್ನು ಚಕ್ರದ ಕಂಬಕ್ಕೆ ಜಜ್ಜಿದ. ಹಲ್ಲು ಮುರಿದು ಮರಳಿಗೆ ಬಿತ್ತು. ಒಬ್ಬ ಮುದುಕ, ಏನಾಯಿತೆಂದು ಗೊತ್ತೇ ಇಲ್ಲದವನು, ಜಾಗ ಮಾಡಿಕೊಂಡು ಬಂದು ಒಂದು ಒದೆ ಕೊಟ್ಟು ಹೋದ.

"ಅವನು ಬದುಕಿಸಿದ್ದು! ಅವನು ಬದುಕಿಸಿದ್ದು ಮಾರಾಯರೇ!" ರುಕಿಯಮ್ಮ ಬೊಬ್ಬೆ ಹೊಡೆದಳು. ಕೇಳುವವರಿಲ್ಲ. ಮೂಕಾಂಬಿಕಾ ಅವಳ ತೋಳಿನಲ್ಲೇ ಎಚ್ಚರ ತಪ್ಪಿ ಕುಸಿದಳು. ಅವಳನ್ನು ಐರಿನ್ ಬಾಯಿಯ ಮಡಿಲಿಗೆ ಹಾಕಿ ರುಕಿಯಮ್ಮ ಕತ್ತಿ ಎತ್ತಿಕೊಂಡಳು. ಎದುರು ಸಿಕ್ಕವನ ತೋಳಿಗೆ ಬೀಸಿದಳು. ಅಂಗಿಯೊಂದಿಗೆ ಮಾಂಸವೂ ಸೀಳಿತು. ಅವನು ಅಯ್ಯಯ್ಯೋ ಎಂದು ಹಿಂದಕ್ಕೆ ಬಿದ್ದ. ಮಗನ ಮೇಲೆ ಕಾಲು ಅಗಲಿಸಿ ನಿಂತಳು. ತಲೆಯ ಮುಸುಕು ಎಲ್ಲಿ ಬಿತ್ತೋ ಗೊತ್ತಿಲ್ಲ.

"ಬನ್ನಿ! ಯಾರು ಬರುತ್ತೀರಿ ಬನ್ನಿ! ಇವನನ್ನು ಕೊಲ್ಲುವುದಾದರೆ ಮೊದಲು ನಿಮ್ಮಲ್ಲಿ ಒಬ್ಬನಾದರೂ ಇಲ್ಲಿ ಮಲಗಬೇಕು!"

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಆದರೆ ರೋಷಕ್ಕೆ ಎಲ್ಲಾದರೂ ದಾರಿ ಬೇಕಲ್ಲ? ತಟ್ಟಿಯ ಕಂಡಿಯಲ್ಲಿ ಸುಂದರ ಕಾಣಿಸಿದ. "ಇವನೂ ಅವನ ಜೊತೆಯವನೇ!" ಎಂದು ನಾಲ್ಕು ಜನ ಅವನ ಮೇಲೆ ಬಿದ್ದರು.

"ಬ್ರೇಕು! ಬ್ರೇಕು ಬಿಡಿಸಬೇಡಿ, ನಿಮ್ಮ ದಮ್ಮಯ್ಯ!" ಎಂದ ಸುಂದರ. ಒಬ್ಬ ಅವನ ತಲೆಗೆ ಬಿದಿರಿನಲ್ಲಿ ಹೊಡೆದ. ಸುಂದರನ ಕೈ ಹಿಡಿಯಿಂದ ಜಾರಿತು.

ಚಕ್ರದ ಒಂದು ಪಕ್ಕದ ತೊಟ್ಟಿಲುಗಳು ತುಂಬಿದ್ದವು, ಇನ್ನೊಂದು ಪಕ್ಕ ಹಗುರವಾಗಿತ್ತು. ಬ್ರೇಕು ಬಿಟ್ಟದ್ದೇ ಭಾರದ ಪಕ್ಕ ಧಡ್ ಎಂದು ಕೆಳಗೆ ಬಂತು, ಬಂದ ರಭಸಕ್ಕೆ ಆಚೆ ಏರಿತು, ಮತ್ತೆ ಹಿಂದಕ್ಕೆ ಬಂತು. ಕಂಬಗಳು ನರಳಿದವು. ಮೇಲೆ ಹೆಂಗಸರು, ಮಕ್ಕಳು ಒಟ್ಟಿಗೆ ಚೀರಿದರು. ಮೂಕಾಂಬಿಕಾ ಇಳಿದ ತೊಟ್ಟಿಲಿನ ಕಂಬಿ ತೆರೆದೇ ಇತ್ತು. ಅದರಲ್ಲಿ ಉಳಿದಿದ್ದ ಪಕ್ಕದ ಮನೆಯವಳು ಹೊರಗೆ ಜಾರಿ, ಕಂಬಿಗೆ ಎರಡು ಕೈಯಲ್ಲಿ ಜೋತುಬಿದ್ದು ಆಕಾಶಕ್ಕೆ ಹೋಗುತ್ತಾ ಬರುತ್ತಾ ಇದ್ದಳು.

ಆಗ ನೋಡಿ, ಹೊಡೆಯುವ ಕೈಗಳೆಲ್ಲ ನಿಂತವು. ಮೇಲಿದ್ದವರು ಅವರದೇ ಹೆಂಡತಿಯರು, ಅವರದೇ ಮಕ್ಕಳು! ಐದಾರು ಜನ ಓಡಿ ಬ್ರೇಕಿನ ಹಿಡಿಗೆ ಬಿದ್ದರು. ಕೆಳಕ್ಕೆ ಒತ್ತಿದರು, ಪಕ್ಕಕ್ಕೆ ತಳ್ಳಿದರು. ಹಿಡಿ ಬಡಿದು ಒಬ್ಬನ ದವಡೆ ಒಡೆಯಿತು. ಚಕ್ರ ನಿಲ್ಲಲಿಲ್ಲ. ಸುಂದರ ಎಚ್ಚರ ತಪ್ಪಿ ಬಿದ್ದಿದ್ದ. ನಿಲ್ಲಿಸಲಿಕ್ಕೆ ಗೊತ್ತಿದ್ದ ಇನ್ನೊಬ್ಬ ರುಕಿಯಮ್ಮನ ಕಾಲ ಬುಡದಲ್ಲಿ ಬಿದ್ದಿದ್ದ.

ಹೃಷೀಕೇಶ ಪೈಪು ಬಿಸಾಡಿ ಬಂದು ಅವಳೆದುರು ಮಂಡಿಯೂರಿದ. "ಅವನನ್ನು ಎಬ್ಬಿಸಿ ಅಮ್ಮ. ದಮ್ಮಯ್ಯ. ನನ್ನ ತಂಗಿ ಮೇಲಿದ್ದಾಳೆ."

ರುಕಿಯಮ್ಮ ಅವನನ್ನು ನೋಡಿದಳು. ಬೀಳಲಿ ಎಂದು ಅನಿಸಿತು ಅವಳಿಗೆ. ಸುಳ್ಳು ಯಾಕೆ ಹೇಳಬೇಕು? ಎಲ್ಲರೂ ಬೀಳಲಿ, ಇವರೂ ಒಮ್ಮೆ ಮರಳಿನಲ್ಲಿ ಹೊರಳಿ ಅಳಲಿ ಎಂದೇ ಅನಿಸಿತು. ಕತ್ತಿ ಹಿಡಿದ ಕೈ ಇಳಿಯಲಿಲ್ಲ.

ಆಗ ಕೆಳಗಿನಿಂದ ಅಬ್ದುಲ್ ಅವಳ ಕಾಲ ಬೆರಳು ಹಿಡಿದ.

"ಉಮ್ಮ," ಎಂದ. ಬಾಯಿ ತುಂಬಾ ರಕ್ತ. "ಹಿಂದಕ್ಕೆ ಎಳೆಯಲಿಕ್ಕೆ ಹೇಳಿ. ಜಗ್ಗಬಾರದು. ನನ್ನನ್ನು ಸ್ವಲ್ಪ ಎತ್ತಿ, ಕಾಣುವುದಿಲ್ಲ."

ಅವಳು ಕತ್ತಿ ಬಿಟ್ಟು ಕೂತು ಮಗನ ತಲೆಯನ್ನು ತೊಡೆಗೆ ಒರಗಿಸಿಕೊಂಡಳು. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದನ್ನು ತೆರೆದು ಚಕ್ರ ನೋಡಿದ. ಅವನು ಪಿಸುಗುಟ್ಟಿದ್ದನ್ನು ಅವಳು ಗಂಟಲು ಹರಿಯುವ ಹಾಗೆ ಕೂಗಿದಳು.

"ಹಿಂದಕ್ಕೆ ಎಳೆಯಿರಿ! ಮೆಲ್ಲ! ಈಗ ಬಿಡಿ, ಬಿಡಿ ಎಂದರೆ ಬಿಡಿ ಮಾರಾಯರೇ! ಆಚೆ ಹೋಗಿ ಬರಲಿ... ಈಗ ಎಳೆಯಿರಿ! ಹಾಗೇ ಹಿಡಿಯಿರಿ!"

ಹೃಷೀಕೇಶ, ಅವನ ಹಿಂದೆ ಜವಳಿಯವರು, ಬೇಸಾಯದವರು, ಮೀನಿನವರು ಸಾಲಾಗಿ ಹಿಡಿಗೆ ಜೋತುಬಿದ್ದರು. ಅಂಗೈಯ ಚರ್ಮ ಮರಕ್ಕೆ ಅಂಟಿ ಕಿತ್ತುಬಂತು. ಬಿಡಲಿಕ್ಕೆ ರುಕಿಯಮ್ಮ ಬಿಡಲಿಲ್ಲ. ತೂಗಾಟ ಕಡಿಮೆಯಾಗುತ್ತಾ ಆಗುತ್ತಾ ಚಕ್ರ ನಿಂತಿತು. ಜೋತುಬಿದ್ದವಳನ್ನು ಕೆಳಗಿನಿಂದ ಹಿಡಿದು ಇಳಿಸಿದರು. ಅವಳ ಎರಡೂ ಭುಜದ ಕೀಲು ತಪ್ಪಿತ್ತು, ಜೀವ ಇತ್ತು. ಆಮೇಲೆ ಒಂದೊಂದೇ ತೊಟ್ಟಿಲು ಕೆಳಗೆ ಬಂತು. ಎಷ್ಟು ಸಡಿಲ ಬಿಡಬೇಕು, ಎಲ್ಲಿ ಹಿಡಿಯಬೇಕು, ಎಲ್ಲ ಅಬ್ದುಲ್ ಹೇಳಿದ, ರುಕಿಯಮ್ಮ ಕೂಗಿದಳು. ಕೊನೆಯವರು ಇಳಿಯುವಾಗ ಅವನ ಮಾತು ಅವಳಿಗೂ ಕೇಳದಷ್ಟು ಸಣ್ಣದಾಗಿತ್ತು.

"ಆಯಿತಾ ಉಮ್ಮ?"

"ಆಯಿತು ಮಗ. ಎಲ್ಲರೂ ಇಳಿದರು."

ಅವನು ಕಣ್ಣು ಮುಚ್ಚಿದ. ರುಕಿಯಮ್ಮ ಕಿರುಚಿದಳು. ಹೃಷೀಕೇಶ ಓಡಿ ಬಂದು ಅವನನ್ನು ಎತ್ತಲಿಕ್ಕೆ ಬಗ್ಗಿದ.

"ಮುಟ್ಟಬೇಡ! ನೀವು ಮುಟ್ಟಿದ್ದು ಸಾಕು!"

ಅವನು ಅಲ್ಲೇ ನಿಂತ. ಗಂಡಸರೆಲ್ಲ ನಿಂತರು.  ಆಗ ಎದ್ದವಳು ಮೂಕಾಂಬಿಕಾ. ಅವಳಿಗೆ ಎಚ್ಚರ ಬಂದು ಸ್ವಲ್ಪ ಹೊತ್ತಾಗಿತ್ತು. ಐರಿನ್ ಬಾಯಿ ತನ್ನ ಸೆರಗನ್ನೇ ಹರಿದು ಅವಳ ತಲೆಗೆ ಬಿಗಿದಿದ್ದಳು. ಗಂಡ "ಮೂಕಾಂಬಿಕಾ" ಎಂದು ಕೈಚಾಚಿದ. ಅವಳು ಅವನನ್ನು ದಾಟಿ ಬಂದು ಅಬ್ದುಲ್‌ನ ಕಾಲುಗಳ ಕೆಳಗೆ ಕೈ ಹಾಕಿದಳು. ಐರಿನ್ ಬಾಯಿ ಸೊಂಟಕ್ಕೆ ಕೈ ಕೊಟ್ಟಳು. ತೊಟ್ಟಿಲಿನಿಂದ ಇಳಿದವರು ಒಬ್ಬೊಬ್ಬರಾಗಿ ಬಂದರು, ಬುರ್ಖಾದವರು, ಮಡಿಸೀರೆಯವರು, ಶಿಲುಬೆಯ ಸರದವರು. ಗಂಡಸರ ಕಣ್ಣಿಗೆ ಬೀಳಬಾರದೆಂದು ತಟ್ಟಿ ಕಟ್ಟಿಸಿದ್ದು ಇವರಿಗಾಗಿಯೇ ಅಲ್ವಾ? ಅವರೇ ಅವನನ್ನು ಕೈಗಳ ಮೇಲೆ ಎತ್ತಿಕೊಂಡು, ಸೀರೆ ಮಣ್ಣಾಗುವುದನ್ನೂ ರಕ್ತ ಮೆತ್ತುವುದನ್ನೂ ನೋಡದೆ, ಗಂಡಂದಿರ ನಡುವಿನಿಂದಲೇ ಹೈವೇಗೆ ಹೊರಟರು. ಗಂಡಸರು ದಾರಿ ಬಿಟ್ಟರು. ಸುಂದರನನ್ನು ಎತ್ತಿಕೊಂಡು ಬರಲಿಕ್ಕೆ ಮಾತ್ರ ಅವರಿಗೆ ಅವಕಾಶ ಸಿಕ್ಕಿತು.

ಮಂಗಳೂರು ಕಡೆಯಿಂದ ಬಂದ ಬಸ್ಸಿಗೆ ಹೆಂಗಸರು ಅಡ್ಡ ನಿಂತರು. ಕಂಡಕ್ಟರು ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿಕೊಂಡ. ಬಸ್ಸು ಮಣಿಪಾಲದ ಆಸ್ಪತ್ರೆಗೆ ನೇರ ಹೋಗಬೇಕು ಎಂದರು, ಹೊರಟಿತು. ಹಿಂದಿನ ಉದ್ದ ಸೀಟಿನಲ್ಲಿ ಸಾಲಾಗಿ ಕೂತ ಹೆಂಗಸರ ಮಡಿಲುಗಳ ಮೇಲೆ ಅಬ್ದುಲ್‌ನನ್ನು ಮಲಗಿಸಿದ್ದರು. ತಲೆ ಮೂಕಾಂಬಿಕಾಳ ಮಡಿಲಿನಲ್ಲಿತ್ತು. ರುಕಿಯಮ್ಮ ನೆಲದಲ್ಲಿ ಕೂತು ಅವನ ಮುರಿಯದ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅಳುತ್ತಿದ್ದಳು. ಆ ದಿನ ಅವಳು ಅತ್ತದ್ದು ಆಗಲೇ ಮೊದಲು.

ಕಟಪಾಡಿ ದಾಟುವಾಗ ಅವನಿಗೆ ಸ್ವಲ್ಪ ಎಚ್ಚರ ಬಂತು. ಒಂದು ಕಣ್ಣು ಅರ್ಧ ತೆರೆಯಿತು. ಮೇಲೆ ಬಗ್ಗಿದ್ದ ಹೆಣ್ಣುಮುಖ ಕಂಡದ್ದೇ ಹೆದರಿ ಗಟ್ಟಿಯಾಗಿ ಮುಚ್ಚಿಕೊಂಡ. ಮುಖವನ್ನೂ ಆ ಕಡೆ ತಿರುಗಿಸಲು ನೋಡಿದ.

"ನಾನು ನೋಡಲಿಲ್ಲ," ಎಂದ. "ಅಲ್ಲಾನ ಆಣೆ, ನಾನು ನೋಡಲಿಲ್ಲ."

 ಮೂಕಾಂಬಿಕಾ ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿದಳು. 

"ಕಣ್ಣು ಮುಚ್ಚಬೇಡಿ," ಎಂದಳು. "ನಿದ್ದೆ ಮಾಡಬೇಡಿ. ನನ್ನನ್ನು ನೋಡಿ."

ಅಬ್ದುಲ್ ಕಣ್ಣು ಬಿಟ್ಟ. ಬಸ್ಸು ಮಣಿಪಾಲದ ಏರು ಹತ್ತಿ ನಿಲ್ಲುವವರೆಗೂ ಅವಳ ಮುಖವನ್ನೇ ನೋಡುತ್ತಿದ್ದ.